ಕೋಬೆಯ ಎರಡು ಡ್ರೈವರ್ ಇಲ್ಲದ ರೈಲುಗಳು: ಪೋರ್ಟ್ ಲೈನರ್ ಹತ್ತೋದಾ, ರೊಕ್ಕೊ ಲೈನರ್ ಹತ್ತೋದಾ?

ತಂಗಿ ಜಪಾನಿನ ಕೋಬೆಯಲ್ಲಿದ್ದಾಳೆ. ರೊಕ್ಕೊಮಿಚಿ ಸ್ಟೇಷನ್ ಹತ್ತಿರ ಮನೆ. ಈ ಸಲ ಅವ್ವನನ್ನೂ ಕರೆದುಕೊಂಡು ಹತ್ತು ದಿನ ಅಲ್ಲಿದ್ದೆ. ಅವ್ವನಿಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಆದರೆ ಸಮುದ್ರ ನೋಡಬೇಕು ಅನ್ನೋ ಆಸೆ ಬಹಳ. ಕೋಬೆ ಬಂದರಿನಲ್ಲಿ ಗುಡ್ಡದ ಮಣ್ಣು ತಂದು ಸುರಿದು ಮಾಡಿದ ಎರಡು ದೊಡ್ಡ ದ್ವೀಪಗಳಿವೆ. ಎರಡಕ್ಕೂ ಡ್ರೈವರ್ ಇಲ್ಲದ ರೈಲು ಹೋಗುತ್ತದೆ. ಎರಡನ್ನೂ ಮೂರು ಮೂರು ಸಲ ಹತ್ತಿ ನೋಡಿದೆವು.

ಮೊದಲು ಪೋರ್ಟ್ ಲೈನರ್. ಊರಿನ ನಡುವಿನ ದೊಡ್ಡ ಸ್ಟೇಷನ್ ಸನ್ನೊಮಿಯಾದಿಂದ ಪೋರ್ಟ್ ಐಲ್ಯಾಂಡ್ ಅನ್ನೋ ದ್ವೀಪಕ್ಕೆ ಹೋಗುವ ಈ ರೈಲು ಶುರುವಾದದ್ದು 1981ರ ಫೆಬ್ರವರಿ 5ರಂದು. ಡ್ರೈವರ್ ಇಲ್ಲದೆ ಊರಿನ ಜನರನ್ನು ದಿನಾ ಹೊತ್ತು ತಿರುಗಿದ ರೈಲುಗಳಲ್ಲಿ ಜಗತ್ತಿಗೇ ಮೊದಲ ಸಾಲಿನದು. ನಲವತ್ತು ವರ್ಷ ದಾಟಿದರೂ ಹಳೇದು ಅನ್ನಿಸುವುದಿಲ್ಲ. ಕಬ್ಬಿಣದ ಹಳಿ ಇಲ್ಲ. ಕಾಂಕ್ರೀಟಿನ ದಾರಿಯ ಮೇಲೆ ರಬ್ಬರ್ ಟೈರುಗಳು ಓಡುತ್ತವೆ. ಎರಡೂ ಬದಿಗೆ ಇರುವ ಪಟ್ಟಿಗಳು ಗಾಡಿಯನ್ನು ದಾರಿ ತಪ್ಪದಂತೆ ಹಿಡಿದುಕೊಳ್ಳುತ್ತವೆ. ಗಾಡಿ ನಿಂತಾಗ ಅದರ ಬಾಗಿಲು, ಪ್ಲಾಟ್‌ಫಾರ್ಮಿನ ಗಾಜಿನ ಬಾಗಿಲು ಎದುರುಬದುರು ಸರಿಯಾಗಿ ಕೂತು ಲಿಫ್ಟಿನ ಹಾಗೆ ಒಟ್ಟಿಗೆ ತೆರೆಯುತ್ತವೆ. ನಡುವಿನ ಸಂದು ಎಷ್ಟು ಸಣ್ಣದೆಂದರೆ ಅವ್ವ ಕೋಲು ಊರದೆ ಒಳಗೆ ಕಾಲಿಟ್ಟಳು. ಅದನ್ನು ನೋಡಿ ನನಗೆ ನಿಜಕ್ಕೂ ಸಮಾಧಾನವಾಯಿತು.

ತೊಂದರೆ ಏನಿದ್ದರೂ ಜನಸಂದಣಿಯದು. ಬೆಳಿಗ್ಗೆ ಎಂಟೂಕಾಲಿಗೆ ಸನ್ನೊಮಿಯಾದಲ್ಲಿ ಹತ್ತಿದೆವು. ದ್ವೀಪದಲ್ಲಿ ದೊಡ್ಡ ಆಸ್ಪತ್ರೆ ಇದೆ, ಕಾಲೇಜುಗಳಿವೆ, ಫುಗಾಕು ಸೂಪರ್ ಕಂಪ್ಯೂಟರ್ ಇರುವ ಸಂಶೋಧನಾ ಕೇಂದ್ರ ಇದೆ, ಲೈನಿನ ಆ ತುದಿಗೆ ವಿಮಾನ ನಿಲ್ದಾಣ. ಇವೆಲ್ಲಕ್ಕೂ ಹೋಗುವವರು ಈ ಒಂದೇ ಲೈನಿಗೆ ಬರುತ್ತಾರೆ. ಆರು ಡಬ್ಬಿಗಳಿದ್ದರೂ ಡಬ್ಬಿಗಳು ಚಿಕ್ಕವು. ಸನ್ನೊಮಿಯಾದಲ್ಲಿ ಗಾಡಿ ನಿಲ್ಲೋಕೆ ಇರುವುದು ಒಂದೇ ದಾರಿ; ಒಂದು ಕಡೆಯಿಂದ ಇಳಿಯಬೇಕು, ಇನ್ನೊಂದು ಕಡೆಯಿಂದ ಹತ್ತಬೇಕು. ಒಂದರ ಹಿಂದೆ ಒಂದು ಗಾಡಿ ಬರುತ್ತಲೇ ಇದ್ದರೂ ಗುಂಪು ಕರಗುವುದಿಲ್ಲ. ಒಬ್ಬ ಹುಡುಗಿ ಎದ್ದು ಅವ್ವನಿಗೆ ಜಾಗ ಕೊಟ್ಟಳು. ನಮ್ಮಿಬ್ಬರಿಗೆ ಕಿಟಕಿಯೇ ಕಾಣಲಿಲ್ಲ. ಕೆಂಪು ಸೇತುವೆ ದಾಟುವಾಗಿನ ಬಂದರಿನ ನೋಟ ಹಾಗೇ ತಪ್ಪಿಹೋಯಿತು.

ಎರಡನೇ ಸಲ ಮಧ್ಯಾಹ್ನ ಹನ್ನೊಂದರ ಮೇಲೆ ಹೋದೆವು. ಅದು ಬೇರೆಯೇ ಅನುಭವ. ಮುಂದಿನ ಗಾಜಿನ ಹತ್ತಿರ ಆರಾಮಾಗಿ ಜಾಗ ಸಿಕ್ಕಿತು. ಬಲಕ್ಕೆ ಬಂದರು, ಹಿಂದೆ ಗುಡ್ಡದ ಸಾಲು. ಆದರೆ ಆ ದಿನ ಇನ್ನೊಂದು ಎಡವಟ್ಟಾಯಿತು. ತಂಗಿಗೆ ಐಕಿಯಾ ಅಂಗಡಿಗೆ ಹೋಗಬೇಕಿತ್ತು, ಅದು ಮಿನಾಮಿ ಕೋಯೆನ್ ಸ್ಟೇಷನ್ ಪಕ್ಕ. ಪೋರ್ಟ್ ಲೈನರ್‌ನಲ್ಲಿ ಎರಡು ಬಗೆಯ ಗಾಡಿಗಳಿವೆ: ಒಂದು ದ್ವೀಪ ಸುತ್ತಿ ವಾಪಸ್ ಬರುತ್ತದೆ, ಇನ್ನೊಂದು ನೇರ ವಿಮಾನ ನಿಲ್ದಾಣಕ್ಕೆ. ಮಾತಿನ ಭರದಲ್ಲಿ ಏರ್‌ಪೋರ್ಟ್ ಗಾಡಿ ಹತ್ತಿದ್ದೆವು. ಷಿಮಿನ್ ಹಿರೋಬಾ ಸ್ಟೇಷನ್ ದಾಟಿದ ಮೇಲೆ ದಾರಿ ಕವಲಾಗುತ್ತದೆ. ಮುಂದಿನ ಸ್ಟೇಷನ್‌ನಲ್ಲಿ ಇಳಿದು, ವಾಪಸ್ ಬಂದು, ಗಾಡಿ ಬದಲಿಸಿದೆವು. ಮಂಡಿನೋವು ಇರುವವರಿಗೆ ಅದು ಸಣ್ಣ ವಿಷಯ ಅಲ್ಲ. ಹತ್ತುವ ಮೊದಲು ಬೋರ್ಡ್ ನೋಡಿ.

ಇನ್ನು ರೊಕ್ಕೊ ಲೈನರ್. ಹೆಸರು ಅವ್ವನಿಗೆ ಒಂದೇ ಸಲಕ್ಕೆ ಬಾಯಿಗೆ ಬಂತು. ನಮ್ಮ ಧಾರವಾಡದ ಕಡೆ ದುಡ್ಡಿಗೆ ರೊಕ್ಕ ಅಂತಲೇ ಅನ್ನುತ್ತೇವಲ್ವಾ. ಇದು 1990ರ ಫೆಬ್ರವರಿಯಲ್ಲಿ ಶುರುವಾದದ್ದು. ಸುಮಿಯೋಷಿಯಿಂದ ಮರೀನ್ ಪಾರ್ಕ್‌ವರೆಗೆ ನಾಲ್ಕೂವರೆ ಕಿಲೋಮೀಟರ್, ಆರೇ ಸ್ಟೇಷನ್, ನಾಲ್ಕು ಡಬ್ಬಿ. ಹತ್ತು ನಿಮಿಷದ ದಾರಿ. ಯಾವ ಹೊತ್ತಿಗೆ ಹೋದರೂ ನಮಗೆ ಸೀಟು ಸಿಕ್ಕಿತು. ನದಿಯ ಪಕ್ಕದಲ್ಲೇ ಎತ್ತರದಲ್ಲಿ ಹೊರಟು, ಸಾಕೆ ಅನ್ನೋ ಅಕ್ಕಿ ಮದ್ಯ ಮಾಡುವ ಹಳೇ ಕಾರ್ಖಾನೆಗಳ ಓಣಿ ದಾಟಿ, ದೊಡ್ಡ ಸೇತುವೆ ಹತ್ತಿ ಎರಡನೇ ದ್ವೀಪ ರೊಕ್ಕೊ ಐಲ್ಯಾಂಡ್‌ಗೆ ಇಳಿಯುತ್ತದೆ. ಸೇತುವೆಯ ಮೇಲಿಂದ ಎರಡೂ ಕಡೆ ಕ್ರೇನುಗಳು, ಕಂಟೇನರುಗಳು, ನೀರು.

ಈ ಗಾಡಿಯ ಒಂದು ವಿಷಯ ಹೇಳಲೇಬೇಕು. ಅವ್ವ ಕಿಟಕಿ ಪಕ್ಕ ಕೂತಿದ್ದಳು. ಇದ್ದಕ್ಕಿದ್ದಂತೆ ಗಾಜು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಹೊರಗಿನದು ಏನೂ ಕಾಣಿಸಲಿಲ್ಲ. ಅವ್ವನಿಗೆ ಹೋದ ವರ್ಷವಷ್ಟೇ ಕಣ್ಣಿನ ಆಪರೇಷನ್ ಆಗಿದೆ. ನನ್ನ ಕೈ ಗಟ್ಟಿಯಾಗಿ ಹಿಡಿದು, "ಏ, ಮತ್ತ ಪೊರಿ ಬಂತೇನ ನನಗ?" ಅಂದಳು. ತಂಗಿ, "ಇಲ್ಲವ್ವಾ, ಗಾಜ ಹಂಗ ಆಗೇತಿ, ನೋಡ್ತಿರು" ಅಂದಳು. ಅಷ್ಟರಲ್ಲಿ ಗಾಜು ಮತ್ತೆ ತಿಳಿಯಾಯಿತು. ರೈಲು ಜನರ ಮನೆಗಳ ತೀರಾ ಹತ್ತಿರ ಹೋಗುವ ಕಡೆ ಕಿಟಕಿ ತಾನಾಗಿಯೇ ಮಸುಕಾಗುತ್ತದೆ. ಯಾರದೋ ಅಡುಗೆಮನೆಯೊಳಗೆ ನಾವು ಇಣುಕಬಾರದು ಅಂತ. ವಾಪಸ್ ಬರುವಾಗ ಅವ್ವ ಅದೇ ಜಾಗಕ್ಕಾಗಿ ಕಾಯುತ್ತಾ ಕೂತಳು.

ರೊಕ್ಕೊ ಲೈನರ್‌ನ ಕೊರತೆಯೂ ಇದೆ. ಸನ್ನೊಮಿಯಾದಿಂದ ನೇರ ಇಲ್ಲ, ಜೆಆರ್ (ಜಪಾನ್ ರೈಲ್ವೆ) ರೈಲಿನಲ್ಲಿ ಸುಮಿಯೋಷಿಗೆ ಬರಬೇಕು. ಅಲ್ಲಿ ಅತಿ ವೇಗದ ಶಿನ್‌ಕೈಸೊಕು ನಿಲ್ಲುವುದಿಲ್ಲ, ಲೋಕಲ್ ಅಥವಾ ಮಾಮೂಲಿ ರ‍್ಯಾಪಿಡ್ ಹತ್ತಿ. ದ್ವೀಪದಲ್ಲಿ ಸುಮ್ನೆ ಅಡ್ಡಾಡೋಕೆ ಚೆಂದ, ಫ್ಯಾಷನ್ ಮ್ಯೂಸಿಯಂ ಇದೆ, ಅದಕ್ಕಿಂತ ಜಾಸ್ತಿ ಏನೂ ಹುಡುಕಬೇಡಿ.

ಒಸಾಕಾದಲ್ಲಿ ಇದೇ ಥರದ ಡ್ರೈವರ್ ಇಲ್ಲದ ರೈಲು ನ್ಯೂ ಟ್ರಾಮ್ ಅನ್ನೂ ಒಂದು ಸಲ ಹತ್ತಿದೆವು. ಅದೂ 1981ರದೇ, ಮಾರ್ಚ್‌ನಲ್ಲಿ ಶುರುವಾದದ್ದು. ಬಣ್ಣಬಣ್ಣದ ಗಾಡಿಗಳು ಚೆನ್ನಾಗಿವೆ. ಕೋಬೆಯಲ್ಲಿ ಉಳಿದುಕೊಂಡವರು ಅದಕ್ಕೆಂದೇ ಅಷ್ಟು ದೂರ ಹೋಗಬೇಕಾಗಿಲ್ಲ.

1995ರ ಜನವರಿ 17ರ ಭೂಕಂಪದಲ್ಲಿ ಕೋಬೆಯ ಎರಡೂ ಲೈನುಗಳು ಮುರಿದುಬಿದ್ದಿದ್ದವು. ಪೋರ್ಟ್ ಲೈನರ್ ಪೂರ್ತಿ ಓಡಿದ್ದು ಜುಲೈ ಕೊನೆಗೆ, ರೊಕ್ಕೊ ಲೈನರ್ ಆಗಸ್ಟ್‌ನಲ್ಲಿ. ದ್ವೀಪದ ಜನರಿಗೆ ಅರ್ಧ ವರ್ಷಕ್ಕೂ ಜಾಸ್ತಿ ಈ ರೈಲು ಪೂರ್ತಿಯಾಗಿ ಸಿಗಲಿಲ್ಲ ಅಂತ ಗೊತ್ತಾದ ಮೇಲೆ, ಆ ಬೆಳಗಿನ ನೂಕುನುಗ್ಗಲಿನ ಬಗ್ಗೆ ನನ್ನ ಸಿಟ್ಟು ಅರ್ಧ ಇಳಿಯಿತು.

ವಯಸ್ಸಾದವರ ಜೊತೆ ಸುಮ್ನೆ ಒಂದು ಸುತ್ತು ಹೋಗಬೇಕು ಅಂದರೆ ನಾನು ರೊಕ್ಕೊ ಲೈನರ್ ಅನ್ನುತ್ತೇನೆ. ವಿಮಾನ ಹಿಡಿಯೋಕೆ ಪೋರ್ಟ್ ಲೈನರ್‌ಗಿಂತ ಸುಲಭದ ದಾರಿ ನಮಗೆ ಸಿಗಲಿಲ್ಲ. ಸನ್ನೊಮಿಯಾದಿಂದ ಸುಮಾರು 18 ನಿಮಿಷ, ನಾವು ಕೊಟ್ಟಿದ್ದು ತಲೆಗೆ 340 ಯೆನ್. ಕೊನೇ ದಿನ ಟೋಕಿಯೊ ವಿಮಾನಕ್ಕೆ ಅದರಲ್ಲೇ ಹೋದೆವು. ಬೆಳಿಗ್ಗೆ ಏಳರೊಳಗೆ ಹತ್ತಿದ್ದರಿಂದ ಮೂವರಿಗೂ ಸೀಟು, ಎರಡು ಸೂಟ್‌ಕೇಸಿಗೂ ಜಾಗ ಸಿಕ್ಕಿತು. ಸೇತುವೆ ಬಂದಾಗ ಬಂದರು ಪೂರ್ತಿ ಕಂಡಿತು.