ಆರ್‌ಡಿ ಬಡ್ಡಿ ಸರಿಯಾಗಿ ಬಂತಾ? ವರ್ಷಗಳ ಬಳಕೆಯ ನಂತರ ನನ್ನ ಅಭಿಪ್ರಾಯ

ತಿಂಗಳ ಸಂಬಳ ಬಂದ ಮರುದಿನ ಒಂದಿಷ್ಟು ದುಡ್ಡು ತಾನಾಗಿಯೇ ಆರ್‌ಡಿಗೆ (ತಿಂಗಳು ತಿಂಗಳು ಕಂತು ಕಟ್ಟುವ ರಿಕರಿಂಗ್ ಡೆಪಾಸಿಟ್) ಹೋಗುವ ಹಾಗೆ ಮಾಡಿಕೊಂಡು ವರ್ಷಗಳೇ ಆಗಿವೆ. ಉಳಿತಾಯದ ವಿಷಯದಲ್ಲಿ ನನಗೆ ಇದಕ್ಕಿಂತ ಸುಲಭವಾದ ದಾರಿ ಸಿಕ್ಕಿಲ್ಲ. ಖಾತೆ ತೆರೆದ ದಿನದ ಬಡ್ಡಿ ದರವೇ ಕೊನೆಯವರೆಗೂ ಇರುತ್ತದೆ. ಮಧ್ಯದಲ್ಲಿ ಬ್ಯಾಂಕು ದರ ಇಳಿಸಿದರೂ ನಮ್ಮ ಆರ್‌ಡಿಗೆ ತಾಗುವುದಿಲ್ಲ.

ನನ್ನ ತಕರಾರು ಒಂದೇ. ಅವಧಿ ಮುಗಿದಾಗ ಒಟ್ಟು ಮೊತ್ತ ಖಾತೆಗೆ ಬೀಳುತ್ತದೆ, ಆದರೆ ಆ ಮೊತ್ತ ಹೇಗೆ ಬಂತು ಅಂತ ಆ್ಯಪ್‌ನಲ್ಲೂ ಇಲ್ಲ, ಪಾಸ್‌ಬುಕ್‌ನಲ್ಲೂ ಇಲ್ಲ. ಕೇಳಿದರೆ "ಸಿಸ್ಟಮ್ ಹಾಕಿದ ಲೆಕ್ಕ ಸರ್, ತಪ್ಪಾಗಲ್ಲ" ಅನ್ನುತ್ತಾರೆ. ಹಾಗಾಗಿ ಪ್ರತಿ ಸಲ ನಾನೇ ಲೆಕ್ಕ ಹಾಕಿ ನೋಡುತ್ತೇನೆ. ಕಷ್ಟವೇನಿಲ್ಲ.

ತಿಂಗಳಿಗೆ 5,000 ರೂಪಾಯಿ, ಒಂದು ವರ್ಷ, ಶೇಕಡ 7 ಬಡ್ಡಿ ಅಂದುಕೊಳ್ಳಿ. ಕಟ್ಟಿದ್ದು 60,000. ಅದರ ಶೇಕಡ 7 ಅಂದರೆ 4,200 ಬರಬೇಕು ಅಂತ ತುಂಬಾ ಜನ ಕಾಯುತ್ತಾರೆ. ಬರುವುದು ಹೆಚ್ಚುಕಮ್ಮಿ 2,311. ಬ್ಯಾಂಕು ಅರ್ಧ ನುಂಗಿತು ಅಂತ ಜಗಳಕ್ಕೆ ಹೋಗಬೇಡಿ, ಇದು ಸರಿಯಾದ ಲೆಕ್ಕ. ಮೊದಲ ಕಂತು 12 ತಿಂಗಳು ಬ್ಯಾಂಕಿನಲ್ಲಿರುತ್ತದೆ, ಎರಡನೆಯದು 11 ತಿಂಗಳು, ಕೊನೆಯದು ಒಂದೇ ತಿಂಗಳು. ಎಲ್ಲ ಕೂಡಿಸಿದರೆ 78 ತಿಂಗಳು. ಅಂದರೆ 5,000ವನ್ನು 78 ತಿಂಗಳು ಇಟ್ಟಷ್ಟು ಬಡ್ಡಿ. 5,000 ಇಂಟು 78, ಅದರ ಶೇಕಡ 7, ಭಾಗಿಸು 12. ಉತ್ತರ 2,275. ಇದು ಸರಳ ಬಡ್ಡಿ. ಬ್ಯಾಂಕು ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುವುದರಿಂದ ಅದರ ಮೇಲೆ ಇನ್ನೊಂದು 36 ರೂಪಾಯಿ ಸೇರುತ್ತದೆ. ಎರಡು ವರ್ಷದ ಆರ್‌ಡಿ ಆದರೆ 78ರ ಜಾಗದಲ್ಲಿ 300 ಹಾಕಿ.

ಈ 78ರ ಲೆಕ್ಕ ನನಗೆ ತುಂಬಾ ಇಷ್ಟ. ಒಂದು ವರ್ಷದ ಆರ್‌ಡಿಗೆ ಬಂದ ಬಡ್ಡಿ ಇದಕ್ಕಿಂತ ಕಡಿಮೆ ಇದ್ದರೆ ಎಲ್ಲೋ ಏನೋ ಆಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಪೈಸೆ ಪೈಸೆ ತಾಳೆ ನೋಡಬೇಕು ಅನ್ನುವವರು ಎಕ್ಸೆಲ್‌ನಲ್ಲಿ ಪ್ರತಿ ಕಂತಿಗೂ ಒಂದು ಸಾಲು ಮಾಡಿ, ಎಷ್ಟು ತಿಂಗಳು ಇತ್ತೋ ಅಷ್ಟಕ್ಕೆ ಚಕ್ರಬಡ್ಡಿ ಹಾಕಿ ಕೂಡಿಸಬಹುದು. ಒಂದೆರಡು ರೂಪಾಯಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಅಮ್ಮನ ಆರ್‌ಡಿಯಲ್ಲಿ ಈ ಲೆಕ್ಕ ನಿಜಕ್ಕೂ ಕೆಲಸಕ್ಕೆ ಬಂತು. ಅದೂ 5,000ದ್ದೇ, ಒಂದು ವರ್ಷದ್ದೇ. ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಜಾಸ್ತಿ, ಅಂದರೆ ಏಳೂವರೆ ಸಿಗಬೇಕಿತ್ತು. 78ರ ಲೆಕ್ಕದಲ್ಲಿ 2,437 ದಾಟಬೇಕು. ಬಂದಿದ್ದು ಮಾತ್ರ 2,311. ಅಮ್ಮನ ಹುಟ್ಟಿದ ತಾರೀಕು ಬ್ಯಾಂಕಿನ ದಾಖಲೆಯಲ್ಲಿ ಸೇರಿಸಿಯೇ ಇರಲಿಲ್ಲ, ಹಾಗಾಗಿ ಸಿಸ್ಟಮ್ ಸಾಮಾನ್ಯ ದರವನ್ನೇ ಹಾಕಿತ್ತು. ಲೆಕ್ಕ ಬರೆದ ಹಾಳೆ, ಆಧಾರ್ ಪ್ರತಿ ಎರಡನ್ನೂ ಲಿಖಿತ ಅರ್ಜಿಯ ಜೊತೆ ಕೊಟ್ಟೆವು. ಕೌಂಟರಿನಲ್ಲಿದ್ದ ಮೇಡಂ ಹಾಳೆ ನೋಡಿ "ಹೌದಮ್ಮ, ನಿಮಗೆ ಬರಬೇಕು" ಅಂದರು. ಬಾಕಿ 160 ರೂಪಾಯಿ ಚಿಲ್ಲರೆ ಆಮೇಲೆ ಜಮಾ ಆಯಿತು. ಸಣ್ಣ ಮೊತ್ತವೇ, ಆದರೆ ಅದು ಅಮ್ಮನ ದುಡ್ಡು. ದೊಡ್ಡ ಕಂತು, ಐದು ವರ್ಷ ಅಂದರೆ ಇದೇ ತಪ್ಪು ಸಾವಿರಗಟ್ಟಲೆ ಆಗುತ್ತದೆ, ಅಲ್ವಾ?

ಬಡ್ಡಿ ಕಡಿಮೆ ಬಂದಂತೆ ಕಾಣಲು ಬೇರೆ ಕಾರಣಗಳೂ ಇವೆ. 2015ರ ಜೂನ್ 1ರಿಂದ ಆರ್‌ಡಿ ಬಡ್ಡಿಗೂ ಟಿಡಿಎಸ್ ಇದೆ, ಅಂದರೆ ಬಡ್ಡಿ ಕೊಡುವ ಮೊದಲೇ ಬ್ಯಾಂಕು ತೆರಿಗೆ ಹಿಡಿಯುತ್ತದೆ. 2025ರ ಏಪ್ರಿಲ್‌ನಿಂದ ಮಿತಿ 50,000 ರೂಪಾಯಿ, ಹಿರಿಯರಿಗೆ ಒಂದು ಲಕ್ಷ. ಆ ಬ್ಯಾಂಕಿನ ಎಫ್‌ಡಿ, ಆರ್‌ಡಿ ಬಡ್ಡಿ ಸೇರಿ ವರ್ಷಕ್ಕೆ ಇಷ್ಟು ದಾಟಿದರೆ ಶೇಕಡ 10 ಹಿಡಿಯುತ್ತಾರೆ. ಹಿಡಿದಿದ್ದು ತೆರಿಗೆ ಇಲಾಖೆಯಲ್ಲಿ ನಮ್ಮ ಹೆಸರಿಗಿರುವ ತೆರಿಗೆ ವಿವರ, ಅಂದರೆ 26ಎಎಸ್‌ನಲ್ಲಿ ಕಾಣಬೇಕು, ಕಾಣದಿದ್ದರೆ ಬಿಡಬೇಡಿ. ಕಂತು ತಡವಾದರೆ ದಂಡ. ಅವಧಿಗೆ ಮುಂಚೆ ಮುರಿದರೆ, ಎಷ್ಟು ದಿನ ಇತ್ತೋ ಅಷ್ಟು ದಿನದ ದರ ಮಾತ್ರ, ಸಾಮಾನ್ಯವಾಗಿ ಅದರಲ್ಲೂ ಒಂದಿಷ್ಟು ಕಡಿತ.

ಕಂತು ಹೋಗುವ ಉಳಿತಾಯ ಖಾತೆಯ ಬಡ್ಡಿಯನ್ನೂ ನೋಡಿಕೊಳ್ಳಿ. ಮೊದಲೆಲ್ಲ 10ನೇ ತಾರೀಕಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಮೊತ್ತಕ್ಕಷ್ಟೇ ಬಡ್ಡಿ ಕೊಡುತ್ತಿದ್ದರು. 2010ರ ಏಪ್ರಿಲ್ 1ರಿಂದ ದಿನದ ಬ್ಯಾಲೆನ್ಸ್ ಮೇಲೆ ಲೆಕ್ಕ.

ಆರ್‌ಡಿ ತೆರೆದ ದಿನ ಕೊಡುವ ರಸೀದಿಯಲ್ಲಿ ದರ, ಅವಧಿ, ಕೊನೆಗೆ ಬರುವ ಮೊತ್ತ ಮೂರೂ ಇರುತ್ತವೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ತಕರಾರು ಬಂದರೆ ಮೊದಲು ಬ್ಯಾಂಕಿಗೇ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ.