ದ್ರವಸ್ಫಟಿಕ ಎಪಾಕ್ಸಿ ಗಟ್ಟಿಯಾಗುವ ವೇಗ: ಸ್ಥಿರ ತಾಪವೋ, ಏರುತಾಪವೋ?

ವಸ್ತು ಬಿಡುವ, ಹೀರುವ ಶಾಖವನ್ನು ಅಳೆಯುವ ಡಿಎಸ್‌ಸಿ ಯಂತ್ರದ ಮುಂದೆ ಕುಳಿತ ಸಂಶೋಧನಾ ವಿದ್ಯಾರ್ಥಿಗೆ ಮೊದಲು ಎದುರಾಗುವ ಆಯ್ಕೆ ಇದು. ಎಪಾಕ್ಸಿ ಎಂಬ ರಾಳ ಗಟ್ಟಿಯಾಗುವ ವೇಗ ತಿಳಿಯಲು ಅದನ್ನು ಒಂದೇ ಉಷ್ಣಾಂಶದಲ್ಲಿ ಇಟ್ಟು ನೋಡಬೇಕೋ, ನಿಮಿಷಕ್ಕೆ 5, 10, 20 ಡಿಗ್ರಿಯಂತೆ ಕಾಯಿಸುತ್ತಾ ಹೋಗಬೇಕೋ?

ಏರುತಾಪದ ಕೆಲಸ ಬೇಗ ಮುಗಿಯುತ್ತದೆ. ಕಾಯಿಸುವ ವೇಗ ಹೆಚ್ಚಿದಂತೆ ಶಾಖದ ಶೃಂಗ, ಅಂದರೆ ರೇಖೆಯ ತುದಿ, ಎಷ್ಟು ಸರಿಯಿತು ಎಂಬುದರಿಂದಲೇ 1957ರ ಕಿಸಿಂಜರ್ ವಿಧಾನ ಸಕ್ರಿಯಣ ಶಕ್ತಿಯನ್ನು (ಕ್ರಿಯೆ ಆರಂಭವಾಗಲು ದಾಟಬೇಕಾದ ಶಕ್ತಿಯ ತಡೆಯನ್ನು) ಕೊಡುತ್ತದೆ. ಸಾಮಾನ್ಯ ಬಿಸ್‌ಫಿನಾಲ್ ಎಪಾಕ್ಸಿಗೆ ಇದು ಒಳ್ಳೆಯ ಆರಂಭ.

ದ್ರವಸ್ಫಟಿಕ ಎಪಾಕ್ಸಿಯ ಕಥೆ ಬೇರೆ. ಅದರ ಕಡ್ಡಿಯಂಥ ಅಣುಗಳು ಸರಪಳಿ ಬೆಳೆದಂತೆ ಸಾಲುಗಟ್ಟುತ್ತವೆ. ಅಡ್ಡಾದಿಡ್ಡಿಯಾಗಿದ್ದ ದ್ರವ ಕ್ರಿಯೆಯ ನಡುವೆಯೇ ಸ್ಮೆಕ್ಟಿಕ್ ಪದರಗಳಾಗಬಹುದು (ಸಾಲುಗಟ್ಟಿದ ಅಣುಗಳು ಪದರಪದರವಾಗಿ ಜೋಡಿಕೊಂಡ ಸ್ಥಿತಿ ಇದು), ಆಗ ವೇಗವೂ ಬದಲಾಗಬಹುದು. ಎಂಥ ಸೊಗಸಾದ ಘಟನೆ! ಸ್ಥಿರ ತಾಪದ ರೇಖೆಯಲ್ಲಿ ಅದು ಎರಡನೆಯ ಉಬ್ಬಾಗಿ ಕಾಣಿಸಿಕೊಳ್ಳಬಲ್ಲದು. ಏರುತಾಪದಲ್ಲಾದರೋ ಉಷ್ಣಾಂಶವೂ ಬದಲಾಗುತ್ತಿರುವುದರಿಂದ ಯಾವುದು ಯಾವುದರ ಪರಿಣಾಮವೆಂದು ಬಿಡಿಸುವುದು ಕಷ್ಟ. ರಾಳ ಕರಗುವಾಗ ಹೀರುವ ಶಾಖವೂ ಕೆಲವೊಮ್ಮೆ ಶೃಂಗದ ಬುಡಕ್ಕೆ ಬೆರೆಯುತ್ತದೆ.

ಸ್ಥಿರ ತಾಪಕ್ಕೂ ತೊಡಕುಗಳಿವೆ. ಉಷ್ಣಾಂಶ ಹೆಚ್ಚಾದರೆ ಯಂತ್ರ ಸಮತೋಲನಕ್ಕೆ ಬರುವಷ್ಟರಲ್ಲಿ ಮೊದಲ ಕ್ರಿಯೆ ಕೈತಪ್ಪುತ್ತದೆ. ಕಡಿಮೆಯಾದರೆ ರಾಳ ಗಾಜಿನಂತಾಗಿ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಕಾಯಿಸಿ ಉಳಿದ ಶಾಖವನ್ನು ಅಳೆಯಬೇಕು.

ಆದರೂ ನಾನು ಆರಿಸುವುದು ಸ್ಥಿರ ತಾಪವನ್ನೇ. ಮೊದಲು ಏರುತಾಪದ ಒಂದು ಓಟದಿಂದ ಸರಿಯಾದ ಉಷ್ಣಾಂಶಗಳನ್ನು ಗುರುತಿಸಿಕೊಳ್ಳಿ. ಅದೇ ಉಷ್ಣಾಂಶಗಳಲ್ಲಿ ಧ್ರುವೀಕರಣ ಸೂಕ್ಷ್ಮದರ್ಶಕದಡಿಯೂ (ಅಡ್ಡಾದಿಡ್ಡಿ ದ್ರವ ಕಪ್ಪಾಗಿ, ಸಾಲುಗಟ್ಟಿದ್ದು ಬೆಳಗಿ ಕಾಣುವ ಉಪಕರಣ) ರಾಳವನ್ನು ನೋಡಿ: ಕತ್ತಲೆಯಲ್ಲಿ ಬೆಳಕಿನ ವಿನ್ಯಾಸ ಮೂಡುವ ನಿಮಿಷ ಆ ಉಬ್ಬಿನ ಸಮಯಕ್ಕೆ ಹೊಂದಿದರೆ, ಅದು ಪದರಗಳದ್ದೇ ಎನ್ನಲು ಬಲವಾದ ಆಧಾರ ಸಿಕ್ಕಂತೆ.