ಅಂತರಗಂಗೆಯೋ, ನೀಲಗಿರಿ ತೋಪೋ, ಕೆರೆಯ ಏರಿಯೋ: ಓರಿಯಂಟಿಯರಿಂಗ್ ಕೋರ್ಸ್ ಎಲ್ಲಿ ಹಾಕಬೇಕು?

ಕೋಲಾರದಲ್ಲಿ ಓರಿಯಂಟಿಯರಿಂಗ್ ಕಲಿಸಬೇಕೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಅಂತರಗಂಗೆಯ ಬೆಟ್ಟದ ಮೇಲೆ. ಊರಿಗೆ ಒತ್ತಿಕೊಂಡೇ ನಿಂತ ಬೆಟ್ಟ, ಗುಹೆಗಳು, ಒಂದರ ಮೇಲೊಂದು ಹೇರಿದಂಥ ಹೆಬ್ಬಂಡೆಗಳು. ನಕ್ಷೆ ಮತ್ತು ದಿಕ್ಸೂಚಿ ಹಿಡಿದು, ಗುರುತು ಮಾಡಿದ ಜಾಗಗಳನ್ನು ಸರದಿಯಂತೆ ಹುಡುಕುತ್ತ ಓಡುವ ಆಟಕ್ಕೆ ಇನ್ನೇನು ಬೇಕು ಎನ್ನಿಸುತ್ತದೆ. ಹೈಸ್ಕೂಲು, ಕಾಲೇಜಿನ ಮಕ್ಕಳಿಗಾಗಿ ನಾನು ಆ ಬೆಟ್ಟದಲ್ಲಿಯೂ, ನೀಲಗಿರಿ ತೋಪಿನಲ್ಲಿಯೂ, ಕೆರೆಯ ಆಸುಪಾಸಿನಲ್ಲಿಯೂ ಕೋರ್ಸ್ (ಆ ಜಾಗಗಳನ್ನು ಸರದಿಯಂತೆ ಜೋಡಿಸಿದ ಓಟದ ಹಾದಿ) ಹಾಕಿ ಓಡಿಸಿ ನೋಡಿದ್ದೇನೆ. ಹೊಸಬರಿಗೆ ಕೆರೆ, ಪಳಗಿದವರಿಗೆ ಬೆಟ್ಟ ಎಂಬುದು ನನ್ನ ತೀರ್ಮಾನ. ತೋಪಿನಿಂದ ಆಗುವ ಉಪಯೋಗ ತೀರ ಕಡಿಮೆ.

ಈ ಮೂರನ್ನೂ ಕಿಲೋಮೀಟರಿನಲ್ಲಿ ಹೋಲಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಕೋರ್ಸಿನ ಉದ್ದವನ್ನು ಅಳೆಯುವುದು ಸ್ಟಾರ್ಟಿನಿಂದ ಒಂದೊಂದೇ ಕಂಟ್ರೋಲ್ (ಬಾವುಟ ಇಟ್ಟು ಗುರುತು ಮಾಡಿದ ಜಾಗ) ಮೂಲಕ ಫಿನಿಷ್‌ವರೆಗೆ ನೇರ ಗೆರೆಯಲ್ಲಿ; ಕೆರೆಯಂಥ ದಾಟಲಾಗದ ಅಡ್ಡಿ ಬಂದರೆ ಮಾತ್ರ ಗೆರೆ ಸುತ್ತಿಕೊಂಡು ಹೋಗುತ್ತದೆ. ಕಾಗದದ ಮೇಲಿನ ಮೂರು ಕಿಲೋಮೀಟರು ಕಾಲಿಗೆ ನಾಲ್ಕಾಗುವುದು ಸಾಮಾನ್ಯ. ಏರಿಕೆಯ ಲೆಕ್ಕ ಬೇರೆ: ನೂರು ಮೀಟರು ಏರಿದರೆ ಒಂದು ಕಿಲೋಮೀಟರು ಹೆಚ್ಚಿಗೆ ಓಡಿದಂತೆ ಎಂದು ಹಿಡಿಯುತ್ತಾರೆ. ಹೀಗಾಗಿಯೇ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕೋರ್ಸನ್ನು ನಿಗದಿ ಮಾಡುವುದು ಸಮಯದಿಂದ. ಗೆಲ್ಲುವವರು ಸ್ಪ್ರಿಂಟ್ ಎಂಬ ಚಿಕ್ಕ ಓಟವನ್ನು 12ರಿಂದ 15 ನಿಮಿಷದಲ್ಲಿ, ಮಿಡ್ಲ್ ಎಂಬ ನಡುದೂರದ ಓಟವನ್ನು 30ರಿಂದ 35 ನಿಮಿಷದಲ್ಲಿ ಮುಗಿಸುವಂತೆ ಹಾಕಬೇಕು.

ಉದ್ದಕ್ಕೂ ಕಷ್ಟಕ್ಕೂ ಗಂಟು ಹಾಕುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ: ಚಿಕ್ಕವರಿಗೆ ಚಿಕ್ಕ ಕೋರ್ಸ್, ದೊಡ್ಡವರಿಗೆ ಅದೇ ಬಗೆಯ ಉದ್ದದ ಕೋರ್ಸ್. ಬ್ರಿಟನ್ನಿನ ಬಣ್ಣದ ಪದ್ಧತಿಯಲ್ಲಿ ಇವೆರಡನ್ನೂ ಬಿಡಿಸಿ ನೋಡುತ್ತಾರೆ. ಬಿಳಿ ಕೋರ್ಸ್ ತೀರ ಸುಲಭ, ಪೂರ್ತಿ ಕಾಲುದಾರಿಯ ಮೇಲೆಯೇ. ದಾರಿ ಕವಲೊಡೆಯುವ ಕಡೆಯೆಲ್ಲ ಒಂದು ಕಂಟ್ರೋಲ್. ಕೆಂಪು ಕೋರ್ಸ್ ಉದ್ದವಾದದ್ದು, ಆದರೆ ನಕ್ಷೆ ಓದುವ ಕಷ್ಟ ನಡುಮಟ್ಟದ್ದು. ಹಸಿರು ಕೋರ್ಸ್ ಅದಕ್ಕಿಂತ ಚಿಕ್ಕದು, ಓದುವ ಕಷ್ಟ ಮಾತ್ರ ಮೇಲುಮಟ್ಟದ್ದು. ಕಾಲಿನಲ್ಲಿ ಕಸುವಿದ್ದು ನಕ್ಷೆಗೆ ಹೊಸಬನಾದ ಹುಡುಗನಿಗೂ, ನಕ್ಷೆ ಚೆನ್ನಾಗಿ ಓದಬಲ್ಲ ಐವತ್ತು ದಾಟಿದವರಿಗೂ ಇದರಲ್ಲಿ ಜಾಗವಿದೆ.

ಕೆರೆಯನ್ನು ನಾನು ಎತ್ತಿ ಹಿಡಿಯುವುದು ಈ ಕಾರಣಕ್ಕೆ. ಉದ್ದಕ್ಕೆ ಚಾಚಿದ ಏರಿ, ಒಂದು ಕೊನೆಗೆ ಕೋಡಿ, ನಡುವೆ ತೂಬು, ತೂಬಿನಿಂದ ಅಚ್ಚುಕಟ್ಟಿಗೆ ಇಳಿಯುವ ಕಾಲುವೆ: ನಕ್ಷೆಯ ಮೇಲೆಯೂ ನೆಲದ ಮೇಲೆಯೂ ಇವು ಎದ್ದು ಕಾಣುತ್ತವೆ. ಮೊದಲ ಕಂಟ್ರೋಲನ್ನು ಏರಿಯ ಮೇಲೆ ಇಡುತ್ತೇನೆ, ಎರಡನೆಯದನ್ನು ತೂಬಿನ ಕಲ್ಲುಕಂಬದ ಪಕ್ಕ, ಮೂರನೆಯದನ್ನು ಕಾಲುವೆಯೂ ಬಂಡಿದಾರಿಯೂ ಕೂಡುವಲ್ಲಿ. 1:7500 ಅಳತೆಯ ನಕ್ಷೆಯಲ್ಲಿ ಒಂದು ಸೆಂಟಿಮೀಟರು ನೆಲದ ಮೇಲೆ 75 ಮೀಟರು. ಹೊಸಬರಿಗೆ ಒಂದು ಕಂಟ್ರೋಲಿನಿಂದ ಇನ್ನೊಂದಕ್ಕೆ ಮೂರು ಸೆಂಟಿಮೀಟರು ಧಾರಾಳವಾಯಿತು. ನಾಲ್ಕನೆಯದರ ಹೊತ್ತಿಗೆ ಒಂದು ಆಯ್ಕೆ ಕೊಡಬೇಕು: ಬಂಡಿದಾರಿ ಹಿಡಿದು ಸುತ್ತಿ ಬರುವುದೋ, ಕುಯ್ಲು ಮುಗಿದ ರಾಗಿ ಹೊಲದ ಬದುವಿನಲ್ಲಿ ಹಾಯ್ದು ಬೇಗ ಸೇರುವುದೋ. ಕಲಿಕೆ ಶುರುವಾಗುವುದೇ ಅಲ್ಲಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತೂಬಿನ ಬಳಿ ನಿಂತಳು, ನಕ್ಷೆಯನ್ನು ಏರಿಗೆ ಸರಿಹೊಂದುವಂತೆ ತಿರುಗಿಸಿದಳು, ತಾನಿದ್ದ ಜಾಗದ ಮೇಲೆ ಹೆಬ್ಬೆರಳು ಒತ್ತಿ, “ಸರ್, ಹಾಗಾದರೆ ಕಾಲುವೆ ನನ್ನ ಎಡಕ್ಕೆ ಬರಬೇಕು” ಎಂದಳು. ಕಾಲುವೆ ಎಡಕ್ಕೇ ಇತ್ತು. ಆ ಒಂದು ವಾಕ್ಯಕ್ಕಾಗಿ ಇಡೀ ಕೋರ್ಸ್ ಹಾಕಬಹುದು.

ಕೆರೆಯಲ್ಲಿ ಎಚ್ಚರ ವಹಿಸಬೇಕಾದದ್ದು ನೀರಿನ ಬಗ್ಗೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರತೊಡಗಿದ ಮೇಲೆ, ವರ್ಷಗಟ್ಟಲೆ ಒಣಗಿದ್ದ ಅನೇಕ ಕೆರೆಗಳು ತುಂಬಿವೆ. ಹಳೆಯ ನಕ್ಷೆಯಲ್ಲಿ ನಡೆದುಹೋಗಬಹುದಾದ ಅಂಗಳ ಈಗ ಆಳದ ನೀರಾಗಿರಬಹುದು. ಎರಡು ಕಂಟ್ರೋಲುಗಳ ನಡುವಿನ ನೇರ ಗೆರೆ ನೀರಿನ ಅಂಚನ್ನೂ ಮುಟ್ಟದಂತೆ ನಾನು ಹಾಕುತ್ತೇನೆ. ಅಂಗಳದಲ್ಲಿ ಜಾಲಿ ಬೆಳೆದಿದ್ದರೆ ಅತ್ತ ಕಡೆಗೂ ಮಕ್ಕಳನ್ನು ಬಿಡುವುದಿಲ್ಲ. ಅದರ ಮುಳ್ಳು ಬೂಟಿನ ಅಟ್ಟೆಯನ್ನೂ ತೂರಿ ಬರುತ್ತದೆ.

ನೀಲಗಿರಿ ತೋಪು ಓಡಲು ಹಿತ, ಓದಲು ಬರಡು. ಎತ್ತ ನೋಡಿದರೂ ಅದೇ ಸಾಲು, ಅದೇ ಕಾಂಡ. ದಿಕ್ಸೂಚಿ ನೋಡಿಕೊಂಡು ಹೆಜ್ಜೆ ಎಣಿಸುವುದನ್ನು ಕಲಿಸಲು ಅರ್ಧ ದಿನ ಸಾಕು, ಆಮೇಲೆ ಅಲ್ಲಿ ಕಲಿಯಲು ಏನೂ ಉಳಿಯುವುದಿಲ್ಲ. ನಕ್ಷೆಯೂ ಬೇಗ ಹಳತಾಗುತ್ತದೆ: 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಇರುವ ತೋಪನ್ನು ಕಡಿದರೆ ಬುಡದಿಂದ ಮತ್ತೆ ಚಿಗುರಿ ದಟ್ಟವಾಗುತ್ತದೆ.

ಇನ್ನು ಬೆಟ್ಟ. ಏರಿಕೆಯೇ ಮೊದಲ ತೊಡಕು. ಕೋರ್ಸಿನ ಒಟ್ಟು ಏರಿಕೆ ಓಡುವ ದೂರದ ಶೇ 4ನ್ನು ಮೀರಬಾರದು ಎಂಬ ರೂಢಿಯಿದೆ. ಮೂರು ಕಿಲೋಮೀಟರಿಗೆ 120 ಮೀಟರು. ದೇವಸ್ಥಾನದ ಮೆಟ್ಟಿಲ ಬುಡದಲ್ಲಿ ಸ್ಟಾರ್ಟ್ ಇಟ್ಟು ಮೇಲಕ್ಕೆ ಓಡಿಸಿದರೆ ಈ ಮಿತಿ ಉಳಿಯುವುದಿಲ್ಲ. ನಕ್ಷೆ ಓದುವ ಬದಲು ಮಕ್ಕಳು ಏದುಸಿರು ಬಿಡುತ್ತಿರುತ್ತಾರೆ. ಅದಕ್ಕೆ ಬೆಟ್ಟದ ಮೇಲಿರುವ ತೇರಹಳ್ಳಿಯ ಕಡೆಯೇ ಸ್ಟಾರ್ಟ್ ಇಟ್ಟು ಒಂದೇ ಮಟ್ಟದಲ್ಲಿ ಸುತ್ತುವಂತೆ ಹಾಕುವುದು ಒಳ್ಳೆಯದು. ಮೆಟ್ಟಿಲ ಬಳಿ ಕೋತಿಗಳ ಕಾಟವೂ ಇದೆ, ಕಿತ್ತಳೆ-ಬಿಳಿ ಬಾವುಟ ಕಂಡರೆ ಕಿತ್ತೊಯ್ಯದೆ ಬಿಡುವುದಿಲ್ಲ.

ಎರಡನೆಯ ತೊಡಕು ಬಂಡೆಗಳದೇ. ಇಷ್ಟೊಂದು ಬಂಡೆಗಳ ನಡುವೆ “ಬಂಡೆಯ ಉತ್ತರ ಬದಿ” ಎಂದರೆ ಹೊಸಬ ಒಂದೊಂದನ್ನೇ ಸುತ್ತಿ ಬರುತ್ತಾನೆ, ಸಿಕ್ಕರೆ ಅದೃಷ್ಟ. ಅದೇ ಪಳಗಿದವನಾದರೆ ಮೊದಲು ದೊಡ್ಡ ಗುರುತೊಂದನ್ನು ಸೇರಿ, ಅಲ್ಲಿಂದ ದಿಕ್ಕು ಹಿಡಿದು ಎಚ್ಚರದಿಂದ ಹೋಗುತ್ತಾನೆ. ಹೀಗೆ ಆಸರೆಯಾಗುವ ಗುರುತು ಪ್ರತಿ ಕಂಟ್ರೋಲಿನ ಹತ್ತಿರವೂ ಇರಬೇಕು: ಒಂದು ಕಮರಿ, ಕಾಲುದಾರಿಯ ತಿರುವು, ಬಯಲಿನ ಮೂಲೆ. ಅದಿಲ್ಲದ ಬಂಡೆ ಎಷ್ಟೇ ಅಂದವಾಗಿದ್ದರೂ ಬಿಟ್ಟುಬಿಡುತ್ತೇನೆ. ಒಂದೇ ಬಗೆಯ ಗುರುತಿನ ಮೇಲೆ ಎರಡು ಕಂಟ್ರೋಲುಗಳಿದ್ದರೆ ಅವುಗಳ ನಡುವೆ ಕನಿಷ್ಠ 60 ಮೀಟರು ಇರಬೇಕೆಂಬ ನಿಯಮ ಇಲ್ಲಿ ಬಹಳ ಮುಖ್ಯ. ಸರ್ವೆ ಇಲಾಖೆಯ 1:50,000 ಹಾಳೆಯನ್ನು ನೆಚ್ಚಿಕೊಂಡು ಇಲ್ಲಿ ಕೋರ್ಸ್ ಹಾಕಲಾಗದು. ಅದರಲ್ಲಿ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರು, ಸಮೋನ್ನತಿ ರೇಖೆಗಳ ನಡುವೆ 20 ಮೀಟರು. ಮನೆಯಷ್ಟು ದೊಡ್ಡ ಬಂಡೆಯೂ ಕಾಣುವುದಿಲ್ಲ. ನಡೆದು ನೋಡಿ ನಾವೇ ನಕ್ಷೆ ಬರೆದುಕೊಳ್ಳಬೇಕು, ಕಾಡಿನ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನೂ ಪಡೆಯಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಬೆಟ್ಟಕ್ಕೆ ಸಾಟಿಯಿಲ್ಲ. ಕೆರೆಯ ಹತ್ತಿರ ಹತ್ತು ನಿಮಿಷದಲ್ಲಿ ಮುಗಿಯುವ ಕಿಲೋಮೀಟರಿಗೆ ಇಲ್ಲಿ ಇಪ್ಪತ್ತು ನಿಮಿಷವೂ ಸಾಲದು. ಆದ್ದರಿಂದ ಕೆರೆಯಲ್ಲಿ ನಾಲ್ಕು ಕಿಲೋಮೀಟರು ಓಡುವವರಿಗೆ ಮೇಲೆ ಎರಡೇ ಹಾಕುತ್ತೇನೆ. ಬೆಟ್ಟಕ್ಕೆ ಯಾರನ್ನು ಕರೆದೊಯ್ಯಬೇಕೆಂದು ಆರಿಸುವಾಗ ಓಟದ ವೇಗ ನೋಡುವುದಿಲ್ಲ. ಕೆರೆಯ ಕೋರ್ಸ್ ಮುಗಿಸಿ ಬಂದವರ ಕೈಗೆ ಅದೇ ನಕ್ಷೆ ಕೊಟ್ಟು, ಯಾವ ದಾರಿ ಹಿಡಿದೆ, ಯಾಕೆ ಹಿಡಿದೆ ಎಂದು ಕೇಳುತ್ತೇನೆ. ಬೆರಳಿಟ್ಟು ಹೇಳಬಲ್ಲವರು ಬೆಟ್ಟಕ್ಕೆ ಸಿದ್ಧ. ಉಳಿದವರಿಗೆ ಮುಂದಿನ ವಾರ ಇನ್ನೊಂದು ಕೆರೆಯ ನಕ್ಷೆ.